ಜ್ವರ ಬಿಟ್ಟಿತು, ನೋವು ಬಿಡಲಿಲ್ಲ

"ಜ್ವರ ಬಿಟ್ಟು ಎರಡು ತಿಂಗಳಾಯಿತಲ್ಲ, ಇನ್ನೆಂತ ನೋವು?"

ಈ ಮಾತನ್ನು ನಮ್ಮ ಲೈನು ಮನೆಗಳಲ್ಲಿ ಕೇಳದವರು ಯಾರೂ ಇರಲಾರರು. ಮೇಸ್ತ್ರಿ ಕೇಳುತ್ತಾರೆ, ಗಂಡ ಕೇಳುತ್ತಾನೆ, ಅತ್ತೆ ಕೇಳುತ್ತಾರೆ. ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ ಒಮ್ಮೊಮ್ಮೆ ಸಂಘದವರೂ ಕೇಳುತ್ತಾರೆ. ಕೇಳಿಸಿಕೊಂಡವರು ಉತ್ತರ ಕೊಡಲಾರದೆ ತಲೆ ತಗ್ಗಿಸುತ್ತಾರೆ. ಮೈ ಮುಟ್ಟಿ ನೋಡಿದರೆ ಬಿಸಿಯಿಲ್ಲ, ಗಾಯವಿಲ್ಲ, ಕೈಕಾಲು ಮುರಿದಿಲ್ಲ. ನೋವೊಂದನ್ನು ಬಿಟ್ಟರೆ ಅವರ ಬಳಿ ಬೇರೇನೂ ಇಲ್ಲ, ಆ ನೋವನ್ನು ತೆಗೆದು ತೋರಿಸುವಂತಿಲ್ಲ.

ಜ್ವರ ಹೋದ ಮೇಲೂ ಉಳಿಯುವ ಈ ನೋವಿನ ಬಗ್ಗೆ, ಅದರಲ್ಲೂ ನಮ್ಮ ರಬ್ಬರ್ ತೋಟದವರು ಚೆನ್ನಾಗಿ ಬಲ್ಲ ಚಿಕುನ್‌ಗುನ್ಯಾದ ಬಗ್ಗೆ, ಈ ಸಲ ನಾಲ್ಕು ಮಾತು ಬರೆಯಬೇಕೆನಿಸಿತು. ನೋವು ಅನುಭವಿಸುತ್ತಿರುವವರಿಗಾಗಿ ಎಷ್ಟು ಬರೆಯುತ್ತಿದ್ದೇನೋ, ಅವರನ್ನು ನಂಬದವರಿಗಾಗಿಯೂ ಅಷ್ಟೇ ಬರೆಯುತ್ತಿದ್ದೇನೆ. ನಂಬದವರ ಸಾಲಿನಲ್ಲಿ ನಾನೂ ಒಂದು ಕಾಲದಲ್ಲಿ ನಿಂತಿದ್ದವನೇ.

ಮೊದಲು ಹೆಸರಿನ ವಿಷಯ. 2006ರಲ್ಲಿ ಈ ಹೆಸರು ಕೇಳಿದ ನಮ್ಮಲ್ಲಿ ಹಲವರು ಕೋಳಿ ತಿನ್ನುವುದನ್ನೇ ಬಿಟ್ಟುಬಿಟ್ಟರು. ಕೋಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ಆಫ್ರಿಕದಲ್ಲಿ ಅಂದು ಟಾಂಗಾನಿಕ ಎನ್ನುತ್ತಿದ್ದ, ಇಂದು ಟಾಂಜಾನಿಯ ಎನ್ನುವ ದೇಶದ ದಕ್ಷಿಣ ಭಾಗದಲ್ಲಿ 1952ರಲ್ಲಿ ಈ ರೋಗ ಹಬ್ಬಿತು. ಚಿಕುನ್‌ಗುನ್ಯಾ ಎಂಬುದು ಅಲ್ಲಿಯ ಮಾಕೊಂಡೆ ಜನರ ಭಾಷೆಯ ಮಾತು, "ಬಗ್ಗಿಸಿಬಿಡುವುದು" ಎಂದು ಅದರ ಅರ್ಥ. ಜ್ವರಗಳು ನೂರು ಬಗೆಯವು, ಅವೆಲ್ಲದರಲ್ಲೂ ಮೈ ಸುಡುತ್ತದೆ. ಆದುದರಿಂದ ಆ ಜನರು ಸುಡುವ ಮೈಯನ್ನು ನೋಡಿ ಹೆಸರಿಡಲಿಲ್ಲ, ಬಗ್ಗಿದ ಬೆನ್ನನ್ನು ನೋಡಿ ಇಟ್ಟರು. ನಮಗಿಂತ ಮೊದಲೇ ಅವರಿಗೆ ವಿಷಯ ತಿಳಿದಿತ್ತು.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1963ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿತು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣವನ್ನು ಹಿಡಿಯಿತು. ಬಳಿಕ ಮೂವತ್ತು ವರ್ಷ ಸದ್ದಿಲ್ಲ. 2005ರ ಕೊನೆಗೆ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮತ್ತೆ ಎದ್ದು, 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಮಂದಿಗೆ ಬಂದಿತೆಂದು ಸರಕಾರದ ಲೆಕ್ಕ. ಅದರಲ್ಲಿ ಕರ್ನಾಟಕದ ಪಾಲೇ 7.5 ಲಕ್ಷದಷ್ಟು. ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಕಂಬಳಿ ಹೊದ್ದು ಮಲಗಿದವರು ಯಾವ ಲೆಕ್ಕದಲ್ಲೂ ಇಲ್ಲ. 2007ರಲ್ಲಿ ಕೇರಳದ ರಬ್ಬರ್ ಜಿಲ್ಲೆಗಳಲ್ಲಿ ಹಬ್ಬಿತು. 2008-09ರಲ್ಲಿ ಗಡಿಯ ಎರಡೂ ಬದಿಗೆ, ದಕ್ಷಿಣ ಕನ್ನಡಕ್ಕೂ ನಮ್ಮ ಕಾಸರಗೋಡಿಗೂ, ಕಾಲಿಟ್ಟಿತು.

ರಬ್ಬರ್ ತೋಟವನ್ನೇ ಇದು ಯಾಕೆ ಹುಡುಕಿಕೊಂಡು ಬಂತು? ಪಟ್ಟಣದಲ್ಲಿ ಇದನ್ನು ಹರಡುವ ಸೊಳ್ಳೆ ಬೇರೆ, ತೋಟದ ನೆರಳಿನಲ್ಲಿ ಹಗಲು ಹೊತ್ತು ಕಚ್ಚುವ ಬಿಳಿ ಪಟ್ಟೆಯ ಸೊಳ್ಳೆ ಬೇರೆ. ವೈರಸ್ಸಿನ ಕವಚದಲ್ಲಿ ಒಂದು ಸಣ್ಣ ಬದಲಾವಣೆಯಾಗಿ, ಈ ಎರಡನೆಯ ಸೊಳ್ಳೆಯ ಹೊಟ್ಟೆಯಲ್ಲಿ ಅದು ಸುಲಭವಾಗಿ ಬೆಳೆಯುವಂತಾಯಿತು. ಮಳೆಗೆ ಟ್ಯಾಪಿಂಗ್ ನಿಂತಾಗ ಮರಮರದಲ್ಲೂ ಬಾಯಿ ಮೇಲೆ ಮಾಡಿ ಕುಳಿತ ಗೆರಟೆಯಲ್ಲಿ ನೀರು ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯ ತೊಟ್ಟಿಲು ಆ ಸೊಳ್ಳೆಗೆ ಬೇಕೆ? ಟ್ಯಾಪಿಂಗ್ ಇಲ್ಲದ ದಿನ ಗೆರಟೆಗಳನ್ನು ಕವುಚಿ ಇಡಬೇಕೆಂದು ಇದೇ ಕಾರಣಕ್ಕೆ ಹೇಳುತ್ತಾರೆ. ಆ ಕೆಲಸವನ್ನು ಯಾರ ಸಮಯದಲ್ಲಿ, ಯಾರ ಕೂಲಿಯಲ್ಲಿ ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದು ಇನ್ನೊಂದು ಸಂಚಿಕೆಯ ಮಾತು.

ಈಗ ನೋವಿನ ವಿಷಯಕ್ಕೆ ಬರೋಣ. ಸೊಳ್ಳೆ ಕಚ್ಚಿದ ಒಂದು ವಾರದೊಳಗೆ ಸಾಮಾನ್ಯವಾಗಿ ಜ್ವರ ಬರುತ್ತದೆ, ಕೆಲವು ದಿನದಲ್ಲಿ ಬಿಡುತ್ತದೆ. ರಕ್ತದಲ್ಲಿದ್ದ ವೈರಸ್ಸೂ ಸುಮಾರು ಒಂದು ವಾರದಲ್ಲಿ ಕಾಣೆಯಾಗುತ್ತದೆ. ಆದರೆ ಅದನ್ನು ಎದುರಿಸಲು ಮೈ ಹೂಡಿದ ಯುದ್ಧ ಅಷ್ಟು ಬೇಗ ಮುಗಿಯುವುದಿಲ್ಲ. ಮಣಿಕಟ್ಟು, ಬೆರಳು, ಕಾಲಿನ ಹರಡು, ಮೊಣಕಾಲುಗಳ ಸಂಧಿಯ ಒಳಪೊರೆಯಲ್ಲಿ ಬಾವು ಉಳಿಯುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇದು ಆರುತ್ತದೆ. ಕೆಲವರಿಗೆ ಮೂರು ತಿಂಗಳು ದಾಟುತ್ತದೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಮೊದಲೇ ಗಂಟುನೋವು ಇದ್ದವರಲ್ಲಿ, ಜ್ವರದ ದಿನಗಳಲ್ಲೇ ನೋವು ಬಹಳ ಕಠಿಣವಾಗಿದ್ದವರಲ್ಲಿ ಹೀಗಾಗುವುದು ಹೆಚ್ಚು.

ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಎಂಬ ದ್ವೀಪವಿದೆ. ಅಲ್ಲಿನ ಕಬ್ಬಿನ ತೋಟಗಳಿಗೆ ನಮ್ಮ ದೇಶದಿಂದಲೂ ಕೂಲಿಗಳನ್ನು ಹಡಗಿನಲ್ಲಿ ಒಯ್ದಿದ್ದರು. 2005-06ರಲ್ಲಿ ಆ ದ್ವೀಪದ ಮೂರರಲ್ಲಿ ಒಂದು ಪಾಲು ಜನಕ್ಕೆ ಈ ಜ್ವರ ಬಂತು. ಒಂದೂಕಾಲು ವರ್ಷ ಕಳೆದ ಮೇಲೆ ವೈದ್ಯರು ರೋಗಿಗಳ ಒಂದು ಗುಂಪನ್ನು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಸಂಧಿನೋವು ಇನ್ನೂ ಇದೆ ಎಂದರು. ಅವರೆಲ್ಲರೂ ಮೈಗಳ್ಳರಾಗಿದ್ದರೇ?

ಟ್ಯಾಪಿಂಗ್ ಮಾಡುವವರ ಪಾಡನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಈ ರೋಗದಲ್ಲಿ ಸಂಧಿಗಳು ಅತಿ ಹೆಚ್ಚು ಬಿಗಿದಿರುವುದು ಬೆಳಗಿನ ಜಾವ. ಹೊತ್ತೇರಿದಂತೆ, ಕೈಕಾಲು ಆಡಿದಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುತ್ತದೆ. ಆದರೆ ರಬ್ಬರ್ ಮರ ನಮಗಾಗಿ ಕಾಯುವುದಿಲ್ಲ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ. ಆದುದರಿಂದ ಟಾರ್ಚು ಕಟ್ಟಿಕೊಂಡು ಕತ್ತಲಲ್ಲೇ ಹೊರಡಬೇಕು. ಅಂದರೆ, ಕೈ ಅತಿ ಕೆಟ್ಟದಾಗಿರುವ ಹೊತ್ತಿಗೇ ಅತಿ ನಾಜೂಕಿನ ಕೆಲಸ. ಒಂದೂವರೆ ಮಿಲಿಮೀಟರಿನಷ್ಟು ತೊಗಟೆ ಕೆತ್ತಬೇಕು, ಒಳಗಿನ ಮರಕ್ಕೆ ಕತ್ತಿ ತಾಗಬಾರದು, ಹೀಗೆ ಸುಮಾರು 300 ಮರ. ಬೆಳಿಗ್ಗೆ ಹತ್ತು ಗಂಟೆಗೆ ಅದೇ ಮನುಷ್ಯ ಅಂಗಡಿಯ ಮುಂದೆ ಚಹಾ ಗ್ಲಾಸು ಹಿಡಿದು ನಿಂತದ್ದನ್ನು ಕಂಡವರು, "ನೋಡಿ, ಈಗ ಕೈ ಸರಿಯಿದೆಯಲ್ಲ!" ಎನ್ನುತ್ತಾರೆ. ಹೌದು ಸ್ವಾಮಿ, ಹತ್ತು ಗಂಟೆಗೆ ಸರಿಯಿದೆ. ಐದು ಗಂಟೆಗೆ ನೀವು ಬಂದು ನೋಡಬೇಕಿತ್ತು. ನೀಲಗಿರಿಯಲ್ಲಿ ಚಹಾ ಚಿಗುರು ಕೀಳುವವರಿಗೆ, ವಯನಾಡಿನಲ್ಲಿ ಕಾಫಿ ಹಣ್ಣು ಬಿಡಿಸುವವರಿಗೆ ಹೊತ್ತು ಬೇರೆಯಿರಬಹುದು, ಬೆರಳು ಅವೇ.

ನಾನು ನಂಬದವನಾಗಿದ್ದೆನೆಂದು ಹೇಳಿದೆನಷ್ಟೆ. 2008ರ ಮಳೆಗಾಲ. ಸಂಘದ ಕೆಲಸಕ್ಕೆ ನಾನು ಹೊಸಬ, ಹುರುಪಿನ ವಯಸ್ಸು. ಲೈನಿನಲ್ಲಿ ಮನೆಗಿಬ್ಬರಂತೆ ಮಲಗಿದ್ದರು. ಒಬ್ಬ ಅಕ್ಕ (ಹೆಸರು ಬೇಡ, ಅವರು ಈಗಲೂ ನಮ್ಮ ನಡುವೆ ಇದ್ದಾರೆ) ಐದು ದಿನ ಜ್ವರದಲ್ಲಿ ಮಲಗಿ ಎದ್ದವರು ಮತ್ತೆ ಮೂರು ವಾರ ಕೆಲಸಕ್ಕೆ ಬರಲಿಲ್ಲ. ಆಫೀಸಿನಿಂದ ನನಗೆ ಹೇಳಿ ಕಳುಹಿಸಿದರು. ನಾನು ಅವರ ಜಗಲಿಗೆ ಹೋಗಿ ನಿಂತು, "ಅಕ್ಕಾ, ಜ್ವರ ಇಲ್ಲವಲ್ಲ, ನಾಳೆಯಿಂದ ಬನ್ನಿ. ಇಲ್ಲದಿದ್ದರೆ ನಿಮ್ಮ ಬ್ಲಾಕು ಬೇರೆಯವರಿಗೆ ಹೋದೀತು" ಎಂದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು ತಿಳಿದಿದ್ದೆ. ಅವರು ಎದುರಾಡಲಿಲ್ಲ. ಮರುದಿನ ಬಂದರು. ಬೆರಳು ಪೂರ್ತಿ ಮಡಚಲಾಗದ್ದರಿಂದ ಕತ್ತಿಯ ಹಿಡಿಗೆ ಹಳೆಯ ಸೀರೆಯ ತುಂಡನ್ನು ಸುತ್ತಿ ದಪ್ಪ ಮಾಡಿಕೊಂಡಿದ್ದರು. ನಾಲ್ಕನೆಯ ದಿನ ಸೂಪರ್‌ವೈಸರರು ನೋಡುತ್ತ ಬಂದಾಗ ಇಪ್ಪತ್ತಕ್ಕೂ ಹೆಚ್ಚು ಮರಗಳಲ್ಲಿ ಕತ್ತಿ ಒಳಗೆ ತಾಗಿ ಗಾಯವಾಗಿತ್ತು. ಬ್ಲಾಕು ಹೋಯಿತು. ಯಾವುದು ಆದೀತೆಂದು ನಾನು ಹೆದರಿಸಿದ್ದೆನೋ, ನನ್ನ ಮಾತು ಕೇಳಿದ್ದರಿಂದಲೇ ಅದು ಅವರಿಗೆ ಆಯಿತು.

ಮರುವರ್ಷ ನನ್ನ ಸರದಿ. ಜ್ವರ ನಾಲ್ಕು ದಿನ. ಆಮೇಲೆ ಏಳು ತಿಂಗಳು ನಾನು ಒದ್ದೆ ಬಟ್ಟೆ ಹಿಂಡಲಾರದೆ, ಅಂಗಿಯ ಗುಂಡಿ ಹಾಕಲಾರದೆ, ದೇವಾಲಯದಲ್ಲಿ ಮೊಣಕಾಲೂರಲಾರದೆ ಇದ್ದೆ. ಎಲ್ಲರೂ ಮೊಣಕಾಲೂರಿದಾಗ ಬೆಂಚಿನಲ್ಲಿ ಕುಳಿತೇ ಇದ್ದ ಉಪದೇಶಿಯನ್ನು ನೋಡಿ ಜನ ಏನೆಂದುಕೊಂಡರೋ ತಿಳಿಯದು. ಅದೇ ಅಕ್ಕ ಮಗಳ ಕೈಯಲ್ಲಿ ಗಂಜಿ, ಬೂತಾಯಿ ಸಾರು ಕಳುಹಿಸಿದರು. "ಜ್ವರ ಇಲ್ಲವಲ್ಲ" ಎಂಬ ಮಾತನ್ನು ಅವರು ನನಗೆ ತಿರುಗಿ ಹೇಳಲಿಲ್ಲ.

ಪೇತ್ರನ ಅತ್ತೆಯ ಕಥೆ ನಮಗೆಲ್ಲ ಗೊತ್ತು. ಪ್ರಭು ಕೈಹಿಡಿದು ಎಬ್ಬಿಸಿದಾಗ ಜ್ವರ ಬಿಟ್ಟಿತು, ಆಕೆ ಎದ್ದು ಎಲ್ಲರಿಗೂ ಉಪಚಾರ ಮಾಡಿದಳು. ಈ ಭಾಗವನ್ನು ಓದಿದ ಭಾನುವಾರ ನಮ್ಮ ಗಂಡಸರು ಮನೆಗೆ ಹೋಗಿ ಹೆಂಡತಿಯಿಂದಲೂ ಅದನ್ನೇ ಬಯಸುತ್ತಾರೆಂದು ಕಾಣುತ್ತದೆ! ಜ್ವರ ಬಿಟ್ಟ ಗಳಿಗೆಯಲ್ಲೇ ಅಡುಗೆ, ನೀರು, ಕಟ್ಟಿಗೆ. ಅಲ್ಲಿ ಹಿಡಿದದ್ದು ಯಾರ ಕೈ ಎಂಬುದನ್ನು ಮರೆಯಬಾರದು. ನಮ್ಮ ಡಿಸ್ಪೆನ್ಸರಿಯಲ್ಲಿ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಗೆ ಆ ಶಕ್ತಿಯಿಲ್ಲ. ನೋವು ಹೋಗದಿರುವುದು ಪ್ರಾರ್ಥನೆ ಕಡಿಮೆಯಾದುದರಿಂದ ಎಂದು ರೋಗಿಯ ಮುಂದೆ ಹೇಳುವವರೂ ನಮ್ಮಲ್ಲಿದ್ದಾರೆ. ದಯವಿಟ್ಟು ಅವರು ಆ ಮನೆಗೆ ಹೋಗುವಾಗ ಬಾಯಿಯನ್ನು ಹೊರಗಿಟ್ಟು ಎರಡು ಕೊಡ ನೀರನ್ನು ಒಳಗೆ ತರಲಿ.

ಇನ್ನು ನೋವಿರುವವರು ಮಾಡಬಹುದಾದದ್ದು. ಜ್ವರದ ದಿನಗಳಲ್ಲಿ ಪೂರ್ಣ ವಿಶ್ರಾಂತಿ, ಬೇಕಾದಷ್ಟು ನೀರು, ಗಂಜಿ. ಆಗ ಪ್ಯಾರಾಸಿಟಮಾಲ್ ಒಂದೇ ಸಾಕು. ದೊಡ್ಡವರಿಗೆ ಒಂದು ದಿನಕ್ಕೆ 500ರ ಮಾತ್ರೆಯಾದರೆ 8ಕ್ಕಿಂತ, 650ರ ಮಾತ್ರೆಯಾದರೆ 6ಕ್ಕಿಂತ ಹೆಚ್ಚು ಸಲ್ಲದು. ಕುಡಿಯುವವರಿಗೂ ಪಿತ್ತಜನಕಾಂಗದ ತೊಂದರೆಯಿದ್ದವರಿಗೂ ಅಷ್ಟು ಕೂಡ ಹೆಚ್ಚಾದೀತು, ವೈದ್ಯರನ್ನು ಕೇಳಬೇಕು. ನೋವು ಮರೆಯಲು ಸಂಜೆ ಕುಡಿದು, ಅದರ ಮೇಲೆ ಈ ಮಾತ್ರೆ ನುಂಗುವುದು ಲೈನಿನಲ್ಲಿ ನಡೆಯುತ್ತಿದೆ. ಎರಡೂ ಕೂಡಿ ಪಿತ್ತಜನಕಾಂಗವನ್ನು ಕೆಡಿಸುತ್ತವೆ. ಡೆಂಗಿ ಅಲ್ಲವೆಂದು ವೈದ್ಯರು ಹೇಳುವ ತನಕ ಆಸ್ಪಿರಿನ್, ಐಬುಪ್ರೊಫೆನ್, ಡಿಕ್ಲೋಫೆನಾಕ್‌ಗಳನ್ನು ಮುಟ್ಟಬಾರದು. ಅದೇ ಸೊಳ್ಳೆಯೇ ಡೆಂಗಿಯನ್ನೂ ತರುತ್ತದೆ, ಡೆಂಗಿಯಲ್ಲಿ ಈ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿ ಮಾಡಿಕೊಡಬಲ್ಲವು.

ಜ್ವರ ಬಿಟ್ಟ ಮೇಲೆ ಮಲಗಿಯೇ ಇರುವುದೂ ಸರಿಯಲ್ಲ, ಒಮ್ಮೆಲೇ ಹಾರುವುದೂ ಸರಿಯಲ್ಲ. ಬೆಳಿಗ್ಗೆ ಎದ್ದೊಡನೆ ಬೆಚ್ಚಗಿನ ನೀರಿನಲ್ಲಿ ಕೈಗಳನ್ನು ಅದ್ದಿ ಬೆರಳುಗಳನ್ನು ಒಂದೊಂದಾಗಿ ಮೆಲ್ಲನೆ ಮಡಚಿ ಬಿಡಿಸಿ. ಹರಡನ್ನು ಸುತ್ತ ತಿರುಗಿಸಿ. ಕೆಂಪಗೆ ಬಿಸಿಯಾಗಿ ಊದಿಕೊಂಡ ಸಂಧಿಗೆ ಶಾಖ ಬೇಡ, ತಣ್ಣೀರ ಬಟ್ಟೆ ಸಾಕು. ಎಣ್ಣೆ ಹಚ್ಚಿ ಬಲವಾಗಿ ಉಜ್ಜಿಸಿಕೊಳ್ಳಬೇಡಿ. ಕೆಲಸವೆಷ್ಟು ಮಾಡಬಹುದೆಂದು ಕೇಳಿದರೆ, ಅದನ್ನು ಮರುದಿನದ ಮೈಯೇ ಹೇಳುತ್ತದೆ. ಇಂದು ಮಾಡಿದ ಕೆಲಸಕ್ಕೆ ನಾಳೆ ನೋವು ಮೊದಲಿನಷ್ಟೇ ಇದ್ದರೆ ಅದು ನಿಮ್ಮ ಅಳತೆ. ಹೆಚ್ಚಾದರೆ ಅರ್ಧಕ್ಕಿಳಿಸಿ. ವಾರ ವಾರ ಸ್ವಲ್ಪ ಏರಿಸುತ್ತ ಹೋಗಿ. ಪಥ್ಯವೇನೂ ಇಲ್ಲ. ಮೀನು, ಮೊಟ್ಟೆ, ಬೇಳೆ, ಸೊಪ್ಪು, ಕೋಳಿ ಕೂಡ ತಿನ್ನಿ, ಸಿಕ್ಕಿದರೆ.

ನೋವು ತಿಂಗಳಾದರೂ ಹೋಗದಾಗ ಮನುಷ್ಯ ಯಾವುದಕ್ಕೂ ಕೈ ಚಾಚುತ್ತಾನೆ. ಪೇಟೆಯಲ್ಲಿ ಹೆಸರಿಲ್ಲದ ಪೊಟ್ಟಣದ ಪುಡಿಯೊಂದನ್ನು ಕೊಟ್ಟು, ಮೂರು ದಿನದಲ್ಲಿ ಓಡಾಡುವಿರಿ ಎನ್ನುವವರುಂಟು. ಓಡಾಡುವುದೂ ನಿಜ. ಅಂಥ ಪುಡಿಗಳಲ್ಲಿ ಸ್ಟೀರಾಯಿಡ್ ಬೆರೆತಿರುವುದುಂಟು. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ರೋಗ ಏರುತ್ತದೆ, ಎಲುಬು ಸವೆಯುತ್ತದೆ, ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೂ ಅಪಾಯ. ಹೀಗೆ ತಿನ್ನುತ್ತಿರುವವರು ಗುಟ್ಟು ಮಾಡದೆ ಆರೋಗ್ಯ ಕೇಂದ್ರದ ವೈದ್ಯರಿಗೆ ಪೊಟ್ಟಣವನ್ನೇ ತೋರಿಸಲಿ.

ಮೂರು ತಿಂಗಳಾದರೂ ಸಂಧಿ ಊದಿಕೊಂಡೇ ಇದ್ದರೆ, ಮತ್ತೆ ಜ್ವರ ಬಂದರೆ, ತೂಕ ಇಳಿದರೆ, ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ನಿದ್ದೆಯಿಲ್ಲದೆ ಬದುಕು ಬೇಡವೆನಿಸಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದ ಬಾವಿಗೆ ಬೇರೆ ಔಷಧಿಗಳಿವೆ. ಎಲ್ಲ ನೋವೂ ಚಿಕುನ್‌ಗುನ್ಯಾದ್ದೇ ಎಂದು ಸುಮ್ಮನಿರಲೂ ಬಾರದು. ಇಲಿಜ್ವರವೂ ಕ್ಷಯವೂ ಸಂಧಿವಾತವೂ ನಮ್ಮ ನಡುವೆಯೇ ಇವೆ. ಆದರೆ ಒಂದು ಧೈರ್ಯದ ಮಾತು: ತಿಂಗಳಾದ ನೋವಿನಿಂದ ಯಾರಿಗೂ ರೋಗ ಹರಡುವುದಿಲ್ಲ. ಮೊಮ್ಮಕ್ಕಳನ್ನು ಅಜ್ಜಿಯ ಚಾಪೆಯಿಂದ ದೂರವಿಡಬೇಕಾಗಿಲ್ಲ.

2020-21ರಲ್ಲಿ ಕೊರೊನಾ ಬಂದು ಹೋದವರಲ್ಲಿಯೂ ಇಂಥದನ್ನು ಕಂಡಿದ್ದೇವೆ. ಅಲ್ಲಿ ಸಂಧಿಗಿಂತ ದಣಿವು, ಏದುಸಿರು, ಮರೆವು ಮುಂದಾಗಿ ಉಳಿದವು. ಅದು ಮೂರು ತಿಂಗಳಾದ ಮೇಲೂ ಇರಬಹುದಾದ ನಿಜವಾದ ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ವಿವರಿಸಿ ಹೇಳಿತು. ಅಂಥವರಲ್ಲಿ ಕೆಲವರಿಗೆ ಇಂದು ದುಡಿದರೆ ನಾಳೆಯೋ ನಾಡಿದ್ದೋ ಮೈ ಕುಸಿಯುತ್ತದೆ. ಅವರಿಗೆ "ದುಡಿದರೆ ಸರಿಹೋಗುತ್ತದೆ" ಎಂಬ ಉಪದೇಶ ಕೆಡುಕನ್ನೇ ಮಾಡುತ್ತದೆ. ವಾರ ವಾರ ಏರಿಸುವ ಮಾತೂ ಅವರಿಗೆ ಸಲ್ಲದು. ಕುಸಿಯದಷ್ಟಕ್ಕೇ ನಿಲ್ಲಿಸಿ ಕಾಯಬೇಕು.

ಇಷ್ಟೆಲ್ಲ ಹೇಳುವುದು ಸುಲಭ. ಅರ್ಧ ಕೆಲಸ ಮಾಡಿದರೆ ಅರ್ಧ ಕೂಲಿ, ಅರ್ಧ ಕೂಲಿಗೆ ಅಂಗಡಿಯವರು ಅರ್ಧ ಸಾಲ ಮನ್ನಾ ಮಾಡುವುದಿಲ್ಲ. ಕಾಯಿಲೆಯಾದ ಕಾರ್ಮಿಕನಿಗೆ ವೈದ್ಯರ ದೃಢಪತ್ರದ ಮೇಲೆ ಭತ್ಯೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯ 32ನೆಯ ಕಲಮು ಹೇಳಿತ್ತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ಕಾಯಿದೆ ಯಾವುದೇ ಇರಲಿ, ಚೀಟಿಯಿಲ್ಲದವನ ಮಾತು ಆಫೀಸಿನಲ್ಲಿ ನಡೆಯದು. ನಮ್ಮವರು ಜ್ವರಕ್ಕೆ ಚೀಟಿ ತರುತ್ತಾರೆ, ಜ್ವರ ಬಿಟ್ಟ ಮೇಲಿನ ನೋವಿಗೆ ತರುವುದಿಲ್ಲ. ಎರಡನೆಯದೇ ಮುಖ್ಯ. "ಸಂಧಿಗಳ ಬಾವು ಉಳಿದಿದೆ, ಇಷ್ಟು ವಾರ ಹಗುರ ಕೆಲಸ" ಎಂದು ತಾರೀಕು ಹಾಕಿ ಬರೆದು ಕೊಡಿರೆಂದು ವೈದ್ಯರನ್ನು ಕೇಳಿ. ಕೇಳಲು ಸಂಕೋಚವಾದರೆ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆದರೆ ಸಣ್ಣ ತೋಟದವರಲ್ಲಿ ಟ್ಯಾಪಿಂಗ್ ಮಾಡುವವರಿಗೆ ಯಾವ ಕಾಯಿದೆ? ಅಲ್ಲಿ ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯೇ ಗತಿ. ಗದ್ದೆಯ ಕಾಲದಲ್ಲಿ ಇಂದು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ ಎಂದು ಹೋಗುತ್ತಿದ್ದರಲ್ಲ, ಹಾಗೆ. 300 ಮರದ ಬ್ಲಾಕಿನಲ್ಲಿ ನೋವಿರುವವರು 100 ಮರ ಮಾಡಲಿ, ಅದೂ ಕೈ ಸ್ವಲ್ಪ ಸಡಿಲವಾದ ಮೇಲೆ. ಉಳಿದ 200ನ್ನು ನಾಲ್ವರು ಹಂಚಿಕೊಂಡರೆ ತಲೆಗೆ 50 ಮರ. ಒಂದು ತಿಂಗಳು ಹೀಗೆ ನಡೆಯಲಿ, ಹಾಜರಿ ಮಾತ್ರ ಅವರ ಹೆಸರಿನಲ್ಲೇ ಬೀಳಲಿ. ದೊಡ್ಡ ತೋಟಗಳಲ್ಲಿಯೂ ಇದಕ್ಕೆ ಒಪ್ಪಿಗೆ ಕೇಳಬಹುದು. ಗಾಯವಾದ ಕಡೆ ತೊಗಟೆ ಮತ್ತೆ ಸಮವಾಗಿ ಬೆಳೆಯುವುದಿಲ್ಲ, ಆ ಪಟ್ಟೆಯಿಂದ ಮುಂದೆ ಸರಿಯಾಗಿ ಹಾಲು ಸಿಗುವುದಿಲ್ಲವೆಂಬುದು ಸೂಪರ್‌ವೈಸರರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಿಗಿದ ಕೈಗೆ ಕತ್ತಿ ಕೊಡುವುದರಲ್ಲಿ ತೋಟಕ್ಕೂ ಲಾಭವಿಲ್ಲ.

ಬರುವ ಭಾನುವಾರ ಆರಾಧನೆಯ ನಂತರ ಶಾಲೆಯ ಜಗಲಿಯಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಕೂಡ್ರುತ್ತೇನೆ. ಮುಷ್ಟಿ ಹಿಡಿಯಲಾಗದವರೂ, ವಾರಕ್ಕೆ 50 ಮರ ಹೆಚ್ಚಿಗೆ ಮಾಡಿಕೊಡಬಲ್ಲವರೂ, ಬೇರೆ ಸಭೆಯವರಾಗಲಿ ಬೇರೆ ಮತದವರಾಗಲಿ, ಹೆಸರು ಬರೆಸಬಹುದು. ಆ ಅಕ್ಕನಿಗೆ ಮೊನ್ನೆ ಈ ವಿಷಯ ಹೇಳಿದೆ. "ನನ್ನ ಹೆಸರು ಎರಡನೆಯ ಸಾಲಿನಲ್ಲಿ ಬರಿ, ನನಗೀಗ ಕೈ ಸರಿಯುಂಟು" ಎಂದರು.